ಟಾರ್ಚ್ ಹಿಡಿಯುವವನು

ಭಾವನ ಕಣ್ಣಿಗೆ ಹಸಿರು, ಕಂದು, ಕೆಂಪು ಮೂರೂ ಒಂದೇ. ಮೂರೂ ಒಣಗಿದ ಎಲೆ. ಈ ಗುಟ್ಟು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವನ ಹೆಂಡತಿಗೆ, ಹೆಂಡತಿಯ ತಮ್ಮನಿಗೆ.

ಅವನು ಬಡಗಿಯೋ ಬೀಗದವನೋ ಆಗಿದ್ದರೆ ಇದನ್ನು ಹೇಳಿಕೊಂಡು ನಗಬಹುದಿತ್ತು. ಆದರೆ ಭಾವ ಫೈಬರ್ ಬೆಸೆಯುವವನು. ಕೇಬಲ್ಲಿನ ಸಿಪ್ಪೆ ಸುಲಿದರೆ ಒಳಗೆ ಕೂದಲಿನಷ್ಟು ತೆಳ್ಳಗಿನ ಹನ್ನೆರಡು ಗಾಜಿನ ಎಳೆ. ಒಂದೊಂದಕ್ಕೆ ಒಂದೊಂದು ಬಣ್ಣ. ಮೊದಲನೆಯದು ನೀಲಿ, ಎರಡನೆಯದು ಕಿತ್ತಳೆ, ಮೂರನೆಯದು ಹಸಿರು, ನಾಲ್ಕನೆಯದು ಕಂದು. ಕೆಂಪು ಏಳನೆಯದು. ಎಳೆಗೆ ಬಣ್ಣವೇ ಹೆಸರು, ಬಣ್ಣವೇ ವಿಳಾಸ. ಮೂರರ ಎಳೆಯನ್ನು ಆಚೆ ಬದಿಯ ನಾಲ್ಕರ ತುಂಡಿಗೆ, ಕಸುಬಿನವರು ಬಾಲ ಅನ್ನುವುದಕ್ಕೆ, ಬೆಸೆದರೆ, ಬೆಸುಗೆ ಎಷ್ಟೇ ನಯವಾಗಿರಲಿ, ಒಬ್ಬನ ಮನೆಗೆ ಹೋಗಬೇಕಾದ ಬೆಳಕು ಇನ್ನೊಬ್ಬನ ಬಾಗಿಲು ತಟ್ಟುತ್ತದೆ.

ಬೆಸುಗೆಯಲ್ಲಿ ಮಾತ್ರ ಭಾವನನ್ನು ಮೀರಿಸುವವರಿರಲಿಲ್ಲ. ಎಳೆಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ನೇರವಾಗಿ ಕತ್ತರಿಸಿ, ಮಷೀನಿನಲ್ಲಿಟ್ಟು ಮುಚ್ಚಳ ಹಾಕಿದನೆಂದರೆ ಎರಡು ಗಾಜು ಒಂದೇ ಗಾಜಾಗುತ್ತಿತ್ತು. ಬೆಳಕಿಗೇ ತಾನು ದಾಟಿದ ಜಾಗ ಗೊತ್ತಾಗುತ್ತಿರಲಿಲ್ಲ. ಆದರೆ ಮಷೀನಿಗೆ ಇಡಬೇಕಾದ ಎಳೆ ಯಾವುದು ಎಂದು ಹೇಳುವುದು ಬಾಮೈದನ ಕೆಲಸ. ಇಬ್ಬರೇ ಇದ್ದಾಗ ಎಳೆಗಳನ್ನು ಸಾಲಾಗಿ ಬಿಡಿಸಿಟ್ಟು ಕೊಡುತ್ತಿದ್ದ. ಬೇರೆಯವರು ಇದ್ದಾಗ ಟಾರ್ಚ್ ಹಿಡಿಯುತ್ತಿದ್ದ. ಭಾವನ ಚಿಮಟ ಒಂದೊಂದೇ ಎಳೆಯನ್ನು ಮುಟ್ಟುತ್ತಾ ಹೋಗುತ್ತದೆ. ಸರಿಯಾದದ್ದಕ್ಕೆ ಬಂದಾಗ ಬೆಳಕು ಒಂದು ಅಂಗುಲ ಕೆಳಗಿಳಿಯುತ್ತದೆ. ಅಷ್ಟೇ. ನೋಡುವವರಿಗೆ ಕೈ ಸೋತು ಜಾರಿದ ಹಾಗೆ ಕಾಣುತ್ತಿತ್ತು.

ಅಕ್ಕ ಮದುವೆಯಾದ ಹೊಸತರಲ್ಲೇ ತಮ್ಮನನ್ನು ಕರೆಸಿಕೊಂಡು ಕೈ ಹಿಡಿದು ಹೇಳಿದ್ದಳು, "ಅವರ ಕೈ ಬಂಗಾರ ಕಣೋ, ಕಣ್ಣೊಂದು ಕೈಕೊಟ್ಟಿದೆ. ನೀನು ಅವರ ಕಣ್ಣಾಗು. ಮನೇಲೇ ಇರು, ಉಂಡ್ಕೊಂಡಿರು." ಇವನು ಬಂದ. ಈಗ ಇವನ ಗಡ್ಡದಲ್ಲೂ ಬಿಳಿಯ ಕೂದಲಿದೆ. ಮದುವೆಯಾಗಲಿಲ್ಲ, ಕಸುಬು ಕೈಗೆ ಹತ್ತಲಿಲ್ಲ, ಮಷೀನು ಮುಟ್ಟಲು ಭಾವ ಬಿಡಲಿಲ್ಲ. ಯಾರ ಹಂಗಿನಲ್ಲಿ ಬದುಕುತ್ತೇವೋ ಅವರ ಮುಖ ಕಂಡರೆ ಆಗುವುದಿಲ್ಲ; ಭಾವನಿಗೂ ಹಾಗೇ ಆಗಿತ್ತು. ಬಾಮೈದನನ್ನು ಕತ್ತೆ ಎನ್ನದೆ ಅವನ ದಿನ ಶುರುವಾಗುತ್ತಿರಲಿಲ್ಲ.

ಆಗ ಕೆಲಸ ನಡೆಯುತ್ತಿದ್ದದ್ದು ಒಂದು ದೊಡ್ಡ ಆಸ್ಪತ್ರೆಯಲ್ಲಿ. ಆಡಳಿತದವರಿಗೆ ಎಲ್ಲವೂ ವೈರ್‌ಲೆಸ್ ಆಗಬೇಕಿತ್ತು. ನರ್ಸುಗಳ ಕೈಯಲ್ಲಿ ಟ್ಯಾಬ್ಲೆಟ್ಟು, ರೋಗಿಯ ಎದೆಬಡಿತ ಗಾಳಿಯಲ್ಲೇ ಹಾರಿ ನರ್ಸಿನ ಮೇಜಿಗೆ ಬರಬೇಕು. "ವೈರ್‌ಲೆಸ್ ಅಂದ್ಮೇಲೆ ಇಷ್ಟು ವೈರ್ ಯಾಕಪ್ಪಾ?" ಎಂದು ಉಗ್ರಾಣದ ಅಧಿಕಾರಿ ಕೇಳಿದ್ದಕ್ಕೆ ಗುತ್ತಿಗೆದಾರ, "ಸಾರ್, ಗಾಳೀಲಿ ಹಾರೋದು ಕೋಣೆಯಷ್ಟು ದೂರ. ಆಮೇಲೆ ಅದೂ ನಮ್ಮ ಹಾಗೆ ನೆಲದ ಮೇಲೇ ನಡೀಬೇಕು" ಎಂದಿದ್ದ. ಅದು ನಿಜ. ಚಾವಣಿಯಲ್ಲಿ ಕೂತ ಒಂದೊಂದು ಬಿಳಿ ವೈಫೈ ಡಬ್ಬಿಯ ಬೆನ್ನಿಗೂ ಒಂದು ತಂತಿ. ಆ ತಂತಿಗಳೆಲ್ಲ ಮಹಡಿಯ ಪೆಟ್ಟಿಗೆಗೆ, ಆ ಪೆಟ್ಟಿಗೆಯಿಂದ ಫೈಬರ್ ನೆಲಮಾಳಿಗೆಗೆ, ಅಲ್ಲಿಂದ ಅಂಗಳ ದಾಟಿ ಸರ್ವರ್ ರೂಮಿಗೆ. ಎಕ್ಸ್‌ರೇ ಕೋಣೆಯ ಸೀಸದ ಗೋಡೆ ಒಂದು ಕೂಗನ್ನೂ ಆಚೆ ಬಿಡುವುದಿಲ್ಲ, ಅದಕ್ಕೆ ಅದರದೇ ಡಬ್ಬಿ. ಲಿಫ್ಟಿನ ಪಕ್ಕದಲ್ಲಿ ಇನ್ನೊಂದು.

ಇಷ್ಟನ್ನೆಲ್ಲ ನೋಡಿಕೊಳ್ಳಲು ಆಸ್ಪತ್ರೆಗೆ ಒಬ್ಬ ಕಾಯಂ ಮನುಷ್ಯ ಬೇಕಾಗಿದ್ದ. ಸರ್ವರ್ ರೂಮಿನ ತಂಪಿನಲ್ಲಿ ಮೇಜು, ತಿರುಗುವ ಕುರ್ಚಿ. ಗುತ್ತಿಗೆದಾರ ಭಾವನ ಹೆಸರು ಹೇಳಿದ್ದ. ಆಸ್ಪತ್ರೆಯ ಪರ ಕೆಲಸ ತಪಾಸಣೆ ಮಾಡುವ ಇಂಜಿನಿಯರ್ ಹೆಂಗಸು, "ನನ್ನ ಕಣ್ಣೆದುರಿಗೆ ಒಂದು ಪೆಟ್ಟಿಗೆ ಪೂರ್ತಿ ಬೆಸೆದು ತೋರಿಸಲಿ, ಆಮೇಲೆ ನೋಡೋಣ" ಎಂದಿದ್ದಳು.

ಭಾವನಿಗೆ ಆ ಕುರ್ಚಿ ಬೇಕೇ ಬೇಕಾಗಿತ್ತು. ಗುಂಡಿಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಕೂತು ಅವನ ಮೊಣಕಾಲು ಹೋಗಿದ್ದವು. ಎದ್ದು ನಿಲ್ಲುವಾಗ ಬಾಮೈದನ ಹೆಗಲು ಹಿಡಿಯುತ್ತಿದ್ದ, ನಿಂತ ಮೇಲೆ ಆ ಹೆಗಲನ್ನೇ ತಳ್ಳುತ್ತಿದ್ದ.

ಪರೀಕ್ಷೆಯ ಹಿಂದಿನ ದಿನ ಊಟದ ಹೊತ್ತಿನಲ್ಲಿ ಭಾವ ಕೈ ತೊಳೆಯಲು ಹೋಗಿದ್ದಾಗ ಬಾಮೈದ ಚೂರು ಫೈಬರ್ ಎತ್ತಿಕೊಂಡು ಒಂದು ಬೆಸುಗೆ ಹಾಕಿದ. ಮಷೀನಿನ ಪರದೆ ನೋಡಿದ ಗುತ್ತಿಗೆದಾರ, "ಪರವಾಗಿಲ್ವೇ! ಕತ್ತೆಗೂ ಕೈ ಬಂದಿದೆ" ಎಂದು ನಕ್ಕ. ಕೇಬಲ್ ಎಳೆಯುವ ಹುಡುಗರೂ ನಕ್ಕರು. ಹಿಂದೆ ಬಂದು ನಿಂತಿದ್ದ ಭಾವ ನಗಲಿಲ್ಲ.

ಮೇಜಿನ ಮೇಲೆ ಗಾಜಿನ ತುಣುಕು ಹಾಕುವ ಡಬ್ಬಿ ಇತ್ತು. ಕತ್ತರಿಸಿದ ಎಳೆಯ ತುಂಡು ಚರ್ಮಕ್ಕೆ ಹೊಕ್ಕರೆ ಕಣ್ಣಿಗೂ ಕಾಣದು, ಸೂಜಿಗೂ ಸಿಗದು. ಅದಕ್ಕೇ ಆ ಡಬ್ಬಿಗೆ ಭದ್ರವಾದ ಮುಚ್ಚಳ. ಭಾವ ಮುಚ್ಚಳ ತೆಗೆದು ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದ.

"ಆರಿಸು."

"ಟೇಪ್ ತರ್ತೀನಿ ಭಾವ."

"ಟೇಪಾ? ಮಷೀನು ಮುಟ್ಟೋ ಕೈ ಅಲ್ವಾ ಅದು? ಕೈಯಲ್ಲೇ ಆರಿಸು."

ಬಾಮೈದ ಕುಕ್ಕರುಗಾಲಲ್ಲಿ ಕೂತು ಬೆಳಕಿಗೆ ತಲೆ ಓರೆ ಮಾಡಿ ಒಂದೊಂದೇ ಆರಿಸಿದ. ಹುಡುಗರಲ್ಲಿ ಗೂಟ ಎಂದು ಹೆಸರಾದ ಕುಳ್ಳ, "ಅಕ್ಕಿಯಲ್ಲಿ ಕಲ್ಲು ಆರಿಸೋದು ಇದಕ್ಕಿಂತ ಸುಲಭ ಅಣ್ಣಾ" ಎಂದ. ಎಲ್ಲರಿಗೂ ನಗಲು ಅಷ್ಟು ಸಾಕಾಯಿತು.

ಸಂಜೆ ಮನೆಯಲ್ಲಿ ಅಕ್ಕ ದೀಪದ ಕೆಳಗೆ ತಮ್ಮನ ತೋರುಬೆರಳು ಹಿಡಿದು ಸೂಜಿಯಲ್ಲಿ ಕೆದಕಿದಳು. ರಕ್ತ ಬಂತು, ಗಾಜು ಬರಲಿಲ್ಲ.

"ಬಿಡಕ್ಕಾ, ಒಳಗೇ ಇರಲಿ."

"ಅವರಿಗೆ ನಾಳೆ ಪರೀಕ್ಷೆ. ತಲೆ ಬಿಸಿಯಾಗಿದೆ. ನೀನು ಮನಸ್ಸಿಗೆ ಹಚ್ಕೋಬೇಡ."

"ತಲೆ ಬಿಸಿ ಅವರಿಗೆ, ಬೆರಳು ನಂದು! ಎಷ್ಟು ವರ್ಷ ಅಕ್ಕಾ? ಆ ಕುರ್ಚಿ ಸಿಕ್ಕಿದ್ರೆ ನಾನು ಅವರ ಬಾಗಿಲಲ್ಲಿ ನಿಂತಿರ್ಬೇಕು, ಅಲ್ಲೂ ಬಣ್ಣ ಹೇಳ್ಬೇಕು. ನೋಡ್ತಿರು, ನಾಳೆ ಹಸಿರು ಅಂತ ಕಂದು ತೋರಿಸ್ತೀನಿ. ಆಗ ಗೊತ್ತಾಗುತ್ತೆ ಯಾರು ಕತ್ತೆ ಅಂತ."

ಅಕ್ಕ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ತಡವಾಗಿತ್ತು. ಬಚ್ಚಲಿಂದ ಬಂದ ಭಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಟವೆಲ್ಲಿನ ತುದಿಯಲ್ಲಿ ಕಿವಿ ಒರೆಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ಅವನು ಒಳಗೆ ಹೋದ ಮೇಲೆ ಅಕ್ಕ ಪಿಸುಗುಟ್ಟಿದಳು, "ಹಾಗೆ ಮಾಡಲ್ಲ ಅಲ್ವಾ?"

"ಥೂ! ಬಾಯಿಗೆ ಬಂದದ್ದು ಅಂದೆ. ಉಂಡ ಮನೆಗೆ ಎರಡು ಬಗೀತೀನಾ ನಾನು?"

ಅವನು ಹೇಳಿದ್ದು ನಿಜವೇ. ಸಿಟ್ಟು ಬೆರಳಿನಲ್ಲಿತ್ತು, ತಲೆಗೆ ಏರಿರಲಿಲ್ಲ. ಭಾವ ಬಿದ್ದರೆ ಅಕ್ಕನೂ ಬೀಳುತ್ತಾಳೆ ಎನ್ನುವಷ್ಟು ಲೆಕ್ಕ ಅವನಿಗೂ ಬರುತ್ತಿತ್ತು.

ಮರುದಿನ ಬೆಳಗ್ಗೆ ವಾರ್ಡು ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರೂ ಸೇರಿದರು. ಒಗೆಯುವ ಕೋಣೆಯ ಹಬೆ ಅಲ್ಲಿಗೂ ಬರುತ್ತಿತ್ತು. ಗೋಡೆಯಲ್ಲಿ ತೆರೆದ ಪೆಟ್ಟಿಗೆ. ಅದರೊಳಗೆ ಒಂದರಿಂದ ಹನ್ನೆರಡರವರೆಗೆ ಅಂಕಿ ಬರೆದ ಹನ್ನೆರಡು ಬಾಲಗಳು. ಸರ್ವರ್ ರೂಮಿಂದ ಬಂದ ಕೇಬಲ್ಲಿನ ಬಣ್ಣದ ಎಳೆಗಳನ್ನು ಆ ಬಾಲಗಳಿಗೆ ಬೆಸೆಯಬೇಕು. ಮೇಲಿನ ದೀಪ ಇನ್ನೂ ಹಾಕಿರಲಿಲ್ಲ.

"ಇವರು ಯಾರು?" ಎಂದು ಇಂಜಿನಿಯರ್ ಬಾಮೈದನ ಕಡೆ ತಿರುಗಿದಳು.

"ಟಾರ್ಚ್ ಹಿಡಿಯೋನು ಮೇಡಮ್" ಎಂದ ಭಾವ. "ಅದೊಂದು ಬರುತ್ತೆ ಅವನಿಗೆ."

"ಸರಿ. ಟಾರ್ಚ್ ಹಿಡೀಲಿ. ಎಳೆ ಬಿಡಿಸೋದು, ಕತ್ತರಿಸೋದು, ಬೆಸೆಯೋದು ಎಲ್ಲಾ ನೀವೇ. ಮಾತು ಬೇಡ."

ಭಾವ ಕೇಬಲ್ ಸುಲಿದ. ಅಂಟು ಒರೆಸಿದ. ಎಳೆಗಳು ಅವನ ಎಡಗೈ ಮೇಲೆ ಹರಡಿಕೊಂಡವು. ನೀಲಿಯನ್ನು ತಾನೇ ತೆಗೆದ, ಬೆಸೆದ. ಕಿತ್ತಳೆ ಅವನಿಗೆ ಹಳದಿಯ ಹಾಗೆ ಕಾಣುತ್ತಿದ್ದರೂ ಹಳದಿಗಿಂತ ಮಂಕು, ಅದನ್ನೂ ತೆಗೆದ. ಇಂಜಿನಿಯರ್ ಪರದೆ ನೋಡಿ ಹುಬ್ಬೇರಿಸಿದಳು. ಅಷ್ಟು ಶುದ್ಧವಾದ ಬೆಸುಗೆ ಅವಳೂ ಕಂಡಿರಲಿಲ್ಲ. ಗುತ್ತಿಗೆದಾರ ಸ್ವಂತ ಮಗನ ಮದುವೆಯಲ್ಲಿ ನಿಂತವನ ಹಾಗೆ ಬೀಗಿದ.

ಮೂರನೆಯದು. ಹಸಿರು.

ಚಿಮಟ ಒಂದು ಒಣ ಎಲೆಯನ್ನು ಮುಟ್ಟಿತು. ಬೆಳಕು ಅಲ್ಲಾಡಲಿಲ್ಲ. ಪಕ್ಕದ ಒಣ ಎಲೆಯನ್ನು ಮುಟ್ಟಿತು. ಬೆಳಕು ಒಂದು ಅಂಗುಲ ಕೆಳಗಿಳಿಯಿತು.

ಭಾವ ಆ ಎಳೆಯನ್ನು ಎತ್ತಲಿಲ್ಲ. ತಲೆಯೆತ್ತಿ ಬಾಮೈದನ ಮುಖ ನೋಡಿದ. ಟಾರ್ಚಿನ ಹಿಂದೆ ಮುಖ ಕತ್ತಲಾಗಿತ್ತು, ಗಡ್ಡವಷ್ಟೇ ಕಾಣುತ್ತಿತ್ತು. ನಾಳೆ ಹಸಿರು ಅಂತ ಕಂದು ತೋರಿಸ್ತೀನಿ. ಭಾವನ ಚಿಮಟ ಹಿಂದಕ್ಕೆ, ಮೊದಲಿನ ಎಳೆಗೆ ಹೋಯಿತು.

ಬಾಮೈದ ಬೆಳಕನ್ನು ಎಳೆದು ಸರಿಯಾದ ಎಳೆಯ ಮೇಲೆ ಇಳಿಸಿದ. ಮತ್ತೊಮ್ಮೆ ಇಳಿಸಿದ, ಈ ಸಲ ಜೋರಾಗಿ. ಬೆಳಕು ಜೋರಾದಷ್ಟೂ ಭಾವನ ಅನುಮಾನ ಗಟ್ಟಿಯಾಯಿತು. ನಿಜ ಹೇಳುವವನು ಇಷ್ಟು ಯಾಕೆ ಒದ್ದಾಡುತ್ತಾನೆ?

"ಭಾವಾ..." ಎಂದು ಬಾಯಿ ತೆರೆದೇಬಿಟ್ಟ.

"ಟಾರ್ಚ್ ನೆಟ್ಟಗೆ ಹಿಡಿಯೋ ಕತ್ತೆ!"

"ಮಾತು ಬೇಡ ಅಂದಿದ್ದೆ" ಎಂದಳು ಇಂಜಿನಿಯರ್.

ಅತ್ತ ದರಿ, ಇತ್ತ ಪುಲಿ. ಬಾಯಿ ಬಿಟ್ಟರೆ ಗುಟ್ಟು ಹೋಗುತ್ತದೆ, ಬಿಡದಿದ್ದರೆ ಕುರ್ಚಿ ಹೋಗುತ್ತದೆ. ಬಾಮೈದ ಬಾಯಿ ಮುಚ್ಚಿದ. ಭಾವ ಕಂದು ಎಳೆಯನ್ನು ಮೂರರ ಬಾಲಕ್ಕೆ ಬೆಸೆದ. ಬೆಸುಗೆ ಮುತ್ತಿನಂತೆ ಬಂತು. ನಾಲ್ಕಕ್ಕೆ, ಬೆಳಕು ತೋರಿಸಿದ್ದ ಆ ಹಸಿರನ್ನೇ ಎತ್ತಿಕೊಂಡ. ಉಳಿದ ಒಣ ಎಲೆ ಒಂದೇ, ಕೆಂಪು. ಅದು ತಾನಾಗಿಯೇ ಏಳಕ್ಕೆ ಹೋಯಿತು. ಅವನಿಗೆ ಒಂದರಂತೆ ಒಂದು ಕಾಣುವ ಬೂದು, ಗುಲಾಬಿಗಳಲ್ಲಿ ಮಾತ್ರ ಯಾಕೋ ಬೆಳಕನ್ನು ನಂಬಿದ. ಅವುಗಳ ಮಾತು ನಿನ್ನೆ ಬಂದಿರಲಿಲ್ಲವಲ್ಲ.

ಇಂಜಿನಿಯರ್ ಸರ್ವರ್ ರೂಮಿನಲ್ಲಿದ್ದ ಗೂಟನಿಗೆ ಫೋನು ಮಾಡಿದಳು. ಅವನ ಕೈಯಲ್ಲಿ ಕೆಂಪು ಬೆಳಕಿನ ಪೆನ್ನು. ಆ ತುದಿಯಲ್ಲಿ ಒಂದೊಂದೇ ಎಳೆಗೆ ಬೆಳಕು ಹಾಕಿದರೆ ಇಲ್ಲಿ ಅದೇ ಅಂಕಿಯ ಬಾಲದ ತುದಿಯಲ್ಲಿ ಹೊಳೆಯಬೇಕು.

"ಒಂದು ಹಾಕು." ಒಂದರಲ್ಲಿ ಹೊಳೆಯಿತು.

"ಎರಡು." ಎರಡರಲ್ಲಿ.

"ಮೂರು."

ನಾಲ್ಕರಲ್ಲಿ ಹೊಳೆಯಿತು.

ಇಂಜಿನಿಯರ್ ಶಾಂತವಾಗಿ, "ಮೂರು, ನಾಲ್ಕು ಅದಲುಬದಲಾಗಿವೆ. ಹೇಗಾಯ್ತು?" ಎಂದಳು. ಅವಳ ದನಿಯಲ್ಲಿ ಗಡಸು ಇರಲಿಲ್ಲ. "ಕತ್ತಲಲ್ಲಿ ಕಣ್ಣು ತಪ್ಪಿತು ಮೇಡಮ್, ಸರಿ ಮಾಡ್ತೀನಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಮಾತು ಸುಮ್ಮನೆ ಹುಟ್ಟಿಲ್ಲ.

"ಈ ಕತ್ತೆ ಸುಳ್ಳು ತೋರಿಸ್ದ!" ಭಾವ ಅರಚಿದ. "ನಿನ್ನೇನೇ ಹೇಳಿದ್ದ, ಸುಳ್ಳು ತೋರಿಸ್ತೀನಿ ಅಂತ!"

"ತೋರಿಸ್ದ?" ಇಂಜಿನಿಯರ್ ಅವನನ್ನೇ ನೋಡಿದಳು. "ನಿಮಗೆ ಬಣ್ಣ ಬೇರೆಯವರು ಯಾಕೆ ತೋರಿಸ್ಬೇಕು?"

ಭಾವ ಚಿಮಟವನ್ನು ಸ್ಪಿರಿಟ್ಟಿನಲ್ಲಿ ಒರೆಸತೊಡಗಿದ.

ಅವಳು ತನ್ನ ಕುತ್ತಿಗೆಯ ಗುರುತಿನ ಚೀಟಿಯ ಪಟ್ಟಿ ಹಿಡಿದು ಎತ್ತಿದಳು. "ಇದು ಯಾವ ಬಣ್ಣ?"

ಭಾವ ನೋಡಿದ. ಗೋಡೆ ನೋಡಿದ. ಬಾಮೈದನನ್ನು ನೋಡಿದ. ಟಾರ್ಚು ಆರಿತ್ತು.

"ಕಂದು" ಎಂದ.

"ಕೆಂಪು" ಎಂದಳು. ಬರೆಯಲು ತಿರುಗಿದಳು.

ಗುತ್ತಿಗೆದಾರನಿಗೆ ಅಷ್ಟು ಸಂಯಮ ಇರಲಿಲ್ಲ. "ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲಯ್ಯಾ! ಕುರುಡನ ಕೈಗೆ ಕಟ್ಟಡಗಳನ್ನೇ ಕೊಟ್ಟೆನಲ್ಲ! ರಸ್ತೆ ಹೇಗೆ ದಾಟ್ತೀಯ? ಸಿಗ್ನಲ್ಲಲ್ಲೂ ಬಾಮೈದ ಟಾರ್ಚ್ ಬಿಡ್ತಾನಾ?" ಹುಡುಗರು ಬಿದ್ದು ಬಿದ್ದು ನಕ್ಕರು. ಒಬ್ಬ ತನ್ನ ಅಂಗಿ ಹಿಡಿದು, "ಅಣ್ಣಾ, ಇದ್ಯಾವುದು?" ಎಂದ. ಇನ್ನೊಬ್ಬ ಬೂಟು ಎತ್ತಿದ. ಭಾವ ಎದ್ದು ಹೋಗೋಣವೆಂದರೆ ಮೊಣಕಾಲು ಏಳಲಿಲ್ಲ. ಹಿಡಿಯಲು ಹೆಗಲಿಗಾಗಿ ಕೈ ಚಾಚಿದ, ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡ. ಗೋಡೆ ಹಿಡಿದು ಎದ್ದ.

ಎರಡು ಎಳೆ ಕತ್ತರಿಸಿ ಸರಿಪಡಿಸಬೇಕಾಗಿತ್ತು. "ನಿಮಗೆ ಬರುತ್ತಾ?" ಎಂದು ಇಂಜಿನಿಯರ್ ಕೇಳಿದಳು. ಬಾಮೈದ ಬೇಡವೆನ್ನಬಹುದಿತ್ತು. ಅವನು ಸಂತನಲ್ಲ. ಗಾಜು ಹೊಕ್ಕ ಬೆರಳಿನಲ್ಲೇ ಚಿಮಟ ಹಿಡಿದು ಎರಡನ್ನೂ ಬೆಸೆದ. ಭಾವನಷ್ಟು ನಯವಾಗಿ ಅಲ್ಲ. ಆದರೆ ಮೂರು ಮೂರಕ್ಕೆ ಹೋಯಿತು, ನಾಲ್ಕು ನಾಲ್ಕಕ್ಕೆ. ವಾರ ಕಳೆಯುವುದರೊಳಗೆ ಕುರ್ಚಿ ಅವನದಾಯಿತು.

ಆದರೆ ಮನೆ ಅಂದೇ ಹೋಗಿತ್ತು. ಸಂಜೆ ಅವನು ಬಂದಾಗ ಅವನ ಚೀಲ ಹೊಸ್ತಿಲ ಆಚೆ ಇತ್ತು.

"ಹೇಳಿದ ಹಾಗೇ ಮಾಡಿದೆಯಲ್ಲೋ" ಎಂದಳು ಅಕ್ಕ. ಅವಳು ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

"ಅಕ್ಕಾ, ನಾನು ಸರಿಯಾದದ್ದೇ ತೋರಿಸ್ದೆ. ಇವರು ಅದನ್ನ ಬಿಟ್ಟು ಬೇರೇದು ತೆಗೆದ್ರು. ಕೇಳು ಇವರನ್ನ. ಭಾವಾ, ಹೇಳಿ. ಬೆಳಕು ಇಳಿದದ್ದನ್ನ ನೀವು ಬಿಟ್ರಲ್ವಾ?"

ಭಾವ ಒಳಗೆ ಊಟಕ್ಕೆ ಕೂತಿದ್ದ. ತಟ್ಟೆಯಿಂದ ಕಣ್ಣು ಎತ್ತಲಿಲ್ಲ. ತುತ್ತು ನುಂಗಿ, ನೀರು ಕುಡಿದು ಹೇಳಿದ, "ಅವನು ತೋರಿಸಿದ್ದನ್ನೇ ತೆಗೆದೆ."

"ಭಾವಾ!"

"ಯಾವತ್ತಾದ್ರೂ ಬೇರೆ ತೆಗೆದಿದ್ದೀನಾ? ನನಗೆಲ್ಲಿ ಗೊತ್ತಾಗುತ್ತೆ ಬಣ್ಣ?"

ಅಕ್ಕ ತಮ್ಮನ ಕಡೆ ತಿರುಗಿದಳು. "ನಿನ್ನೆ ಇದೇ ಜಾಗದಲ್ಲಿ ಕೂತು ಹೇಳಿದೆ. ಇವತ್ತು ಮಾಡಿದೆ. ಮೇಡಮ್ಮು ನಿನ್ನ ಕೈಗೇ ಮಷೀನು ಕೊಟ್ರಂತೆ. ಇನ್ನೇನು ಕೇಳ್ಬೇಕೋ ನಾನು? ಬಾಯಿಗೆ ಬಂದದ್ದು ಅಂದೆ ಅಂದೆಯಲ್ಲ, ನಂಬಿದ ನಾನು ಕತ್ತೆ."

"ನಿನ್ನಾಣೆ ಅಕ್ಕಾ..."

"ನನ್ನಾಣೆ ಇಡಬೇಡ. ನನಗೆ ತಮ್ಮ ಇದ್ದ, ಸತ್ತ."

ಬಾಗಿಲು ಹಾಕಿಕೊಂಡಿತು. ಒಳಗೆ ಭಾವ ಇನ್ನಷ್ಟು ಬಡಿಸು ಎಂದದ್ದು ಕೇಳಿಸಿತು.

ಅಂದಿನಿಂದ ಭಾವನಿಗೆ ಬೆಸೆಯುವ ಕೆಲಸ ಯಾರೂ ಕೊಡಲಿಲ್ಲ. ಬೇರೆ ಊರಿನ ಗುತ್ತಿಗೆದಾರರಿಗೂ ಸುದ್ದಿ ಮುಟ್ಟಿತ್ತು. ಕೊನೆಗೆ ಹಳೆಯ ಗುತ್ತಿಗೆದಾರನ ಹತ್ತಿರವೇ ಕೇಬಲ್ ಎಳೆಯುವವರ ಸಾಲಿಗೆ ಸೇರಿದ. ಮೊಣಕಾಲಿಲ್ಲದವನು ಕೇಬಲ್ ಎಳೆದರೆ ಹೇಗಿರುತ್ತದೋ ಹಾಗಿತ್ತು. ಹುಡುಗರಿಗೆ ಬೇಸರವಾದಾಗಲೆಲ್ಲ ಅವನ ಎದುರಿಗೆ ಏನಾದರೊಂದು ಹಿಡಿದು ಬಣ್ಣ ಕೇಳುತ್ತಿದ್ದರು. ಬಾಮೈದ ಅಕ್ಕನಿಗೆ ಮೂರು ಸಲ ಹೇಳಿಕಳಿಸಿದ. ಮೂರು ಸಲವೂ ಬಾಗಿಲು ತೆರೆಯಲಿಲ್ಲ.

ಮಳೆಗಾಲ ಕಳೆದ ಮೇಲೆ ಆ ತಂಡ ಮತ್ತೆ ಆಸ್ಪತ್ರೆಗೆ ಬಂತು. ತಂತಿಗಳು ಮಹಡಿ ಹತ್ತುವ ಗೂಡಿನಲ್ಲಿ ಸತ್ತುಹೋದ ಒಂದು ಹಳೆಯ ಕೇಬಲ್ ಕತ್ತರಿಸಿ ತೆಗೆಯಬೇಕಿತ್ತು. ಗೂಡು ಮನುಷ್ಯ ಓರೆಯಾಗಿ ನಿಲ್ಲುವಷ್ಟೇ ಅಗಲ. ಗುತ್ತಿಗೆದಾರ ಬೇಕೆಂದೇ ಭಾವನ ಕೈಗೆ ಕತ್ತರಿ ಕೊಟ್ಟು ಏಣಿ ಹತ್ತಿಸಿದ. ಹುಡುಗರು ಮೊದಲೇ ಹಲ್ಲು ಬಿಡುತ್ತಿದ್ದರು. ಟಾರ್ಚ್ ಹಿಡಿದು ಕೆಳಗೆ ನಿಂತದ್ದು ಬಾಮೈದ. ಈಗ ಆ ಜಾಗಕ್ಕೆ ಅವನೇ ಯಜಮಾನ.

"ಎರಡು ಕೇಬಲ್ ಇದೆ ಭಾವ" ಎಂದ, ಎಲ್ಲರಿಗೂ ಕೇಳುವ ಹಾಗೆ, ಬಹುವಚನವನ್ನು ಒಂದು ಚೂರೂ ಬಿಡದೆ. "ಕೆಂಪು ಕತ್ತರಿಸಿ. ಹಸಿರು ಮುಟ್ಬೇಡಿ. ಮೂರನೇ ಮಹಡಿಯ ಡಬ್ಬಿಗಳೆಲ್ಲ ಅದರ ಮೇಲಿವೆ. ಹೃದಯದ ರೋಗಿಗಳು ಮಲಗಿದ್ದಾರೆ."

ಯಾರೋ ಕಿಸಕ್ಕೆಂದರು. ಭಾವ ಎರಡು ಕೇಬಲ್ಲುಗಳ ಎದುರು ಕತ್ತರಿ ಹಿಡಿದು ನಿಂತ. ಎರಡೂ ಒಣಗಿದ ಎಲೆ. ಕೆಳಗೆ ನೋಡಿದ. ಟಾರ್ಚಿನ ಬೆಳಕು ಎರಡರ ನಡುವೆ, ಗೋಡೆಯ ಮೇಲೆ ನಿಂತಿತ್ತು.

"ಯಾವುದೋ?" ಭಾವ ಮೆಲ್ಲಗೆ ಕೇಳಿದ.

"ಜೋರಾಗಿ ಕೇಳಿ ಭಾವ. ಹುಡುಗರಿಗೂ ಕೇಳಿಸ್ಲಿ."

"ಯಾವುದು ಕೆಂಪು?"

ನಗು ಎದ್ದು, ಗೂಡಿನೊಳಗೆ ನುಗ್ಗಿ, ಮೇಲಿನ ಮಹಡಿಗಳವರೆಗೂ ಹೋಯಿತು. ಬಾಮೈದ ಹುಡುಗರನ್ನು ಚಹಾ ಕುಡಿಯಲು ಅಟ್ಟಿದ. ಇಬ್ಬರೇ ಉಳಿದ ಮೇಲೆ ಏಣಿಗೆ ಒರಗಿ ಹೇಳಿದ, "ಅವತ್ತು ಬೆಳಕು ಸರಿ ಇತ್ತು ಅಂತ ನಿಮಗೆ ಗೊತ್ತು. ಅಕ್ಕನಿಗೆ ಹೇಳ್ತೀನಿ ಅನ್ನಿ, ತೋರಿಸ್ತೀನಿ. ಇಲ್ಲಾಂದ್ರೆ ಸಾಯಂಕಾಲದ ತನಕ ಅಲ್ಲೇ ನಿಂತಿರಿ."

ಭಾವ ಏಣಿಯ ಮೆಟ್ಟಿಲ ಮೇಲೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ. ಆಮೇಲೆ ನಕ್ಕ. ಇಷ್ಟು ವರ್ಷಗಳಲ್ಲಿ ಬಾಮೈದನನ್ನು ನೋಡಿ ನಕ್ಕದ್ದು ಅದೇ ಮೊದಲು.

"ಸರಿ ಇತ್ತು ಕಣೋ. ಮೂರು ಹೋಗಿ ನಾಲ್ಕರಲ್ಲಿ ಹೊಳೀತಲ್ಲ, ಆಗಲೇ ಗೊತ್ತಾಯ್ತು ನೀನು ನಿಜ ತೋರಿಸಿದ್ದೆ ಅಂತ. ಬೇಕಾದ್ರೆ ಇವತ್ತೇ ಹೋಗಿ ಅವಳಿಗೆ ಹೇಳ್ತೀನಿ. ಏನು ಅಂತಾಳೆ ಗೊತ್ತಾ? ನಿನ್ನ ಬಾಯಿಗೆ ಹೆದರಿ, ಈ ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳ್ತಿದ್ದೀನಿ ಅಂತಾಳೆ. ಅವಳಿಗೆ ನಾನು ಬೇಕು, ಅದಕ್ಕೆ ನೀನು ಕಳ್ಳನಾಗಿರ್ಲೇಬೇಕು. ತೋರಿಸು, ಕಾಲು ನೋಯ್ತಿದೆ."

ಬಾಮೈದನ ತೋರುಬೆರಳು ಟಾರ್ಚಿನ ಗುಂಡಿಯ ಮೇಲಿತ್ತು. ಒತ್ತಿದಾಗಲೆಲ್ಲ ಆ ಗಾಜು ಒಳಗೆ ಚುಚ್ಚುತ್ತಿತ್ತು. ಬೆಳಕನ್ನು ಹಸಿರಿನ ಮೇಲೆ ತಂದ. ಅಲ್ಲಿ ಹಿಡಿದ. ಮೇಲೆ ಮೂರನೆಯ ಮಹಡಿಯಲ್ಲಿ ಯಾರೋ ಗಾಲಿಯ ಮಂಚ ತಳ್ಳಿಕೊಂಡು ಹೋದ ಸದ್ದಾಯಿತು. ಬೆಳಕನ್ನು ಅಲ್ಲಿಂದ ಸರಿಸಿ ಕೆಂಪಿನ ಮೇಲೆ ತಂದು ಒಂದು ಅಂಗುಲ ಕೆಳಗಿಳಿಸಿದ.

ಭಾವ ಈ ಸಲ ಅವನ ಮುಖ ಕೂಡ ನೋಡಲಿಲ್ಲ. ಬೆಳಕು ಇಳಿದ ಆ ಕೇಬಲ್ಲಿಗೆ ಕತ್ತರಿ ಇಟ್ಟು ಎರಡೂ ಕೈಯಲ್ಲಿ ಒತ್ತಿದ.